ಮುಂಗೈಯಲ್ಲಿ ನಾಡಿ ಸಿಗದ ಹೆಗಡೇರು

ಶಿರಸಿಯಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿರುವವಳು ನಾನು. ಮಾತಾಡ್ತಾ ಮಾತಾಡ್ತಾ ನಾಡಿ ಹಿಡಿಯುವುದು ಅಭ್ಯಾಸ. ಹೆಗಡೇರ ಮನೆಯಲ್ಲೂ ಹಿಡಿದೆ, ಏನೂ ಸಿಗಲಿಲ್ಲ.

"ಅಲ್ಲೆಂತ ಹುಡುಕ್ತೀ ತಂಗಿ? ಇಲ್ಲಿ ಕೇಳು" ಎಂದು ಎದೆ ತೋರಿಸಿದರು. ಸ್ಟೆತಸ್ಕೋಪ್ ಇಟ್ಟರೆ ಲಬ್-ಡಬ್ ಇಲ್ಲ. ಕೆಳಗಿನ ತೋಟದಲ್ಲಿ ಪಂಪ್‌ಸೆಟ್ ಓಡಿದಂಥ ಗುಂಯ್. ಬೆಂಗಳೂರಿನಲ್ಲಿ ಎಡ ಹೃತ್ಕುಕ್ಷಿಗೆ (ಮೈಗೆ ರಕ್ತ ತಳ್ಳುವ ಹೃದಯದ ಕೋಣೆಗೆ) ಎಲ್‌ವ್ಯಾಡ್ ಎಂಬ ಪುಟ್ಟ ರಕ್ತದ ಪಂಪ್ ಕೂರಿಸಿ ಕಳಿಸಿದ್ದರು. ಪಂಪಿನ ಹೆಸರು ಹಾರ್ಟ್‌ಮೇಟ್ 3, ವೇಗ ನಿಮಿಷಕ್ಕೆ 5,400 ಸುತ್ತು.

ಮಿಡಿತ ಸಿಗದೆ ಮನೆಯ ಬಿಪಿ ಯಂತ್ರ ಮೂರು ಸಲವೂ ಎರರ್ ತೋರಿಸಿತು. ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್‌ಗಳಲ್ಲಿ ಗರ್ಭಿಣಿಯರಿಗೆ ಬಳಸುವುದನ್ನು ತಂದು ಪೆಚ್ಚಾದೆ. ಅದು ಆಳದ ಸದ್ದಿಗೆ. ತೋಳಿಗೆ 8 ಮೆಗಾಹರ್ಟ್ಸ್‌ನ ಪೆನ್ಸಿಲ್ ಪ್ರೋಬ್ ಬೇಕು. ಅದನ್ನಿಟ್ಟು ಬಿಪಿ ಪಟ್ಟಿಯ ಗಾಳಿ ಮೆಲ್ಲಗೆ ಬಿಟ್ಟಾಗ ಸುಯ್ ಎಂದು ಸದ್ದು ಮರಳಿದ್ದು 104ಕ್ಕೆ. ಪಂಪ್ ಇರುವ ಇವರಿಗೆ ಈ ಒತ್ತಡ 90 ದಾಟಬಾರದು.

ಉಪ್ಪಿನಕಾಯಿಯನ್ನು ಬಯ್ಯುವ ಮೊದಲು ಕುತ್ತಿಗೆಯ ಕಡೆ ಯೋಚಿಸಬೇಕು. ಕತ್ತಿನ ಧಮನಿಯಲ್ಲೂ ಮಹಾಧಮನಿಯ ಕಮಾನಿನಲ್ಲೂ ಒತ್ತಡ ಅರಿಯುವ ನರದ ತುದಿಗಳಿವೆ. ಗೋಡೆ ಮಿಡಿತಕ್ಕೆ ಹಿಗ್ಗಿದಾಗಲೆಲ್ಲ ಅವು ಮಿದುಳಿಗೆ "ಸಾಕು, ಸಡಿಲಿಸು" ಎನ್ನುತ್ತವೆ. ಪಂಪಿನ ರಕ್ತ ಹೊಳೆಯಂತೆ ಒಂದೇ ಸಮ ಹರಿಯುತ್ತದೆ, ಮಿಡಿತ ಕಮ್ಮಿ. ಹಾಗಾಗಿ ಆ ಮಾತೂ ಕಮ್ಮಿ. ಸಿಂಪಥೆಟಿಕ್ ನರಗಳು, ಅಂದರೆ ಮೈಯನ್ನು ಚುರುಕುಗೊಳಿಸುವ ನರಗಳು, ಕಡಿವಾಣ ತಪ್ಪಿ ರಕ್ತನಾಳ ಬಿಗಿಯುತ್ತವೆ. ಮೊಣಕಾಲ ಪಕ್ಕದ ನರಕ್ಕೆ ಕೂದಲೆಳೆಯ ಸೂಜಿ ಚುಚ್ಚಿ ಇದನ್ನು ಅಳೆದವರಿದ್ದಾರೆ: ಪಂಪಿನ ವೇಗ ಏರಿಸಿ ಮಿಡಿತ ಕುಂದಿಸಿದಷ್ಟೂ ನರದ ಗದ್ದಲ ಏರಿತ್ತು. ನಾಳ ಬಿಗಿದರೆ ಎದುರೊತ್ತಡ ಹೆಚ್ಚಿ ಪಂಪಿನ ಹರಿವೇ ಇಳಿಯುತ್ತದೆ. ಎರಡು ಸೆಕೆಂಡಿಗೊಮ್ಮೆ ವೇಗ ತಗ್ಗಿಸಿ ಏರಿಸುವ ಕೃತಕ ಮಿಡಿತ ಈ ಪಂಪಿನಲ್ಲಿದೆ. ಆದರೂ ನನ್ನ ಬೆರಳಿಗೆ ಸಿಗುವಷ್ಟಲ್ಲ.

ಫೋನ್ ಮಾಡಿದೆ, ಬೆಂಗಳೂರಿನವರು ಮಾತ್ರೆ ಬದಲಿಸಿದರು. ಹತ್ತು ದಿನಕ್ಕೆ 86.

ನಡಿಗೆಯದು ಬೇರೆಯೇ ಪೇಚು. ನರದ ಮಾತು ಬಲ ಹೃತ್ಕುಕ್ಷಿಗೆ ತಲುಪುತ್ತದೆ, ಪಂಪಿಗೆ ತಲುಪುವುದಿಲ್ಲ. ಮೆಟ್ಟಿಲು ಹತ್ತಿದರೂ ಅದೇ 5,400. ನಾಡಿ ಎಣಿಸಿ ವ್ಯಾಯಾಮ ಕೊಡುವ ನನ್ನ ಲೆಕ್ಕವೆಲ್ಲ ಕೈಕೊಟ್ಟಿತು. ಕೊನೆಗೆ ಬೋರ್ಗ್ ಸ್ಕೇಲ್ ಹಿಡಿದೆ: 6ರಿಂದ 20ರವರೆಗೆ ದಣಿವಿಗೆ ಅವರೇ ಅಂಕ ಕೊಡಬೇಕು, 13 ಬಂದರೆ ನಿಲ್ಲಬೇಕು. ಎದ್ದ ಕೂಡಲೇ ಹೆಜ್ಜೆ ಇಡುವ ಹಾಗಿಲ್ಲ. ತಲೆ ತಿರುಗಿ ಒಮ್ಮೆ ಜಗಲಿಯ ಕಂಬ ಹಿಡಿದಿದ್ದರು.

ಈಗ ತೋಟದ ಮೆಟ್ಟಿಲು ಅರ್ಧ ಹತ್ತಿ, ಪಂಪಿನ ಬ್ಯಾಟರಿ ಚೀಲ ಸರಿಸಿಕೊಂಡು ಹೇಳುತ್ತಾರೆ: "ಹದಿಮೂರು ಆತು ತಂಗಿ, ಕೂರ್ತೆ."