ಹನ್ನೆರಡು ನಿಮಿಷದ ಪ್ರಸಂಗ

ಕಳೆದ ಭಾನುವಾರ ನಮ್ಮ ಯುವಕ ಮಂಡಲದ ಮಾಳಿಗೆಯಲ್ಲಿ ಕುರ್ಚಿ ಸಾಲದೆ ಭಜನೆಯ ಚಾಪೆಗಳನ್ನೂ ಹಾಸಬೇಕಾಯಿತು. ಮೂವತ್ತೆರಡೋ ಮೂವತ್ತಮೂರೋ ಜನ. ಬಂದದ್ದು ಸಾರ್ವಜನಿಕ ನೀತಿಯ ಪಾಠಕ್ಕೆ, ಅದೂ ಉಡುಪಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿನ ಊರಿನಲ್ಲಿ. "ಮೂರು ವಾರದಲ್ಲಿ ಬಾಗಿಲು ಹಾಕುತ್ತೀರಿ, ನೋಡಿ" ಎಂದು ಭವಿಷ್ಯ ನುಡಿದಿದ್ದ ಮಂಡಲದ ಕಾರ್ಯದರ್ಶಿಯೂ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ ಎಂದು ಯಾರಾದರೂ ತಿಳಿದರೆ ಪೂರ್ತಿ ತಪ್ಪೇನಲ್ಲ.

ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಕಾಲೇಜು ಪಾಠಗಳು, ಅಂದರೆ ಕೇಂದ್ರ ಸರಕಾರದ ಸ್ವಯಂ, ಐಐಟಿಗಳ ಎನ್‌ಪಿಟಿಇಎಲ್, ಅಮೆರಿಕದ ಎಂಐಟಿಯ ಓಪನ್‌ಕೋರ್ಸ್‌ವೇರ್, ಯೇಲ್‌ನ ಪಾಠಗಳು ಎಂದರೇನು, ಹೇಗೆ ಇಳಿಸಿಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಇಂಥ ಕೂಟ ನಡೆಸಲು ಹೊರಟವರಿಗೆ ಅದು ಗೊತ್ತೇ ಇರುತ್ತದೆ. ಇಳಿಸಿಕೊಳ್ಳುವುದು ಸುಲಭ, ಜನರನ್ನು ಕೂರಿಸುವುದೇ ಕಷ್ಟ.

ನಾನು ಬ್ಯಾಂಕಿನಿಂದ ನಿವೃತ್ತನಾದದ್ದು 2018ರಲ್ಲಿ. ಹಿಂದಿನ ವರ್ಷವಷ್ಟೇ ಸ್ವಯಂ ಶುರುವಾಗಿತ್ತು. ಹನ್ನೆರಡು ವಾರದ ಒಂದು ಕೋರ್ಸನ್ನು ಆರಿಸಿ, ಸುಮಾರು ಹದಿನಾಲ್ಕು ಸಾವಿರ ಕೊಟ್ಟು ಹಳೆಯ ಪ್ರೊಜೆಕ್ಟರ್ ತಂದು, ಗೋಡೆಗೆ ಬಿಳಿ ಪಂಚೆ ಕಟ್ಟಿ ಪಾಠ ಹಾಕಿದೆ. ಮೊದಲ ದಿನ ಇಪ್ಪತ್ತಮೂರು ಜನ ಬಂದರು. ಮೂರನೆಯ ವಾರ ಐವರು ಉಳಿದರು, ಅವರಲ್ಲಿ ಇಬ್ಬರು ಮಳೆ ನಿಲ್ಲುವುದನ್ನು ಕಾಯುತ್ತಿದ್ದವರು. ಒಬ್ಬ ಹಿರಿಯರು ಮಾತ್ರ ಎರಡು ವಾರ ತಪ್ಪದೆ ಬಂದು ಮೂರನೆಯ ವಾರ ಬೇಸರದಿಂದ ಕೇಳಿದರು: "ರಾಯರೇ, ನೀತಿಪಾಠ ಎಂದಿರಿ. ಹರಿಶ್ಚಂದ್ರ ಯಾವಾಗ ಬರುತ್ತಾನೆ?" ನಮ್ಮ ಭಾಷೆಯಲ್ಲಿ ಸರಕಾರದ ಧೋರಣೆಗೂ ಸದಾಚಾರಕ್ಕೂ ಒಂದೇ ಪದ. ಅದರ ಫಲ ಅನುಭವಿಸಿದವನು ನಾನು. ಆಗಸ್ಟ್ ಹೊತ್ತಿಗೆ ಪ್ರೊಜೆಕ್ಟರಿನ ಗಾಜಿಗೆ ಬೂಸ್ಟು ಹಿಡಿಯಿತು. ರಿಪೇರಿಗೆ ಆರು ಸಾವಿರ ಕೇಳಿದರು. ಗುಜರಿಗೆ ಒಂಬೈನೂರಕ್ಕೆ ಕೊಟ್ಟೆ.

ಎರಡನೆಯ ಸಲ ಯಂತ್ರಾನುವಾದದ ಕನ್ನಡ ಅಡಿಬರಹ ಹಾಕಿ ನೋಡಿದೆ. ಎಲ್ಲರೂ ಸೇರಿ ಮಾಡುವ ಕೆಲಸದಲ್ಲಿ ತನ್ನ ಪಾಲು ಹಾಕದೆ ಲಾಭ ಮಾತ್ರ ಉಣ್ಣುವವನು ತೆರೆಯ ಮೇಲೆ "ಉಚಿತ ಸವಾರ" ಆಗಿ ಬಂದ. ಬಸ್ಸಿನಲ್ಲಿ ಟಿಕೆಟ್ ತೆಗೆಯದವನೇ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಬಳಿಕ ನಾನೇ ನಾಲ್ಕು ಪಾಠಗಳನ್ನು ಅನುವಾದಿಸಿ, ನಲವತ್ತು ಪುಟ ಜೆರಾಕ್ಸ್ ಮಾಡಿಸಿ ಹಂಚಿದೆ. ಸಾವಿರದ ಚಿಲ್ಲರೆ ಖರ್ಚು. ಅದರ ಪುಟಗಳನ್ನು ಒಬ್ಬರ ಮನೆಯಲ್ಲಿ ಹಲಸಿನ ಹಪ್ಪಳದ ಡಬ್ಬಿಯ ತಳದಲ್ಲಿ ಕಂಡೆ. ಕೇಳಲಿಲ್ಲ. ಹಪ್ಪಳ ಚೆನ್ನಾಗಿತ್ತು.

ಹಾರ್ವರ್ಡ್‌ನ ಮೈಕಲ್ ಸ್ಯಾಂಡೆಲ್ ಅವರ ನ್ಯಾಯದ ಪಾಠಗಳ ಮೇಲೆ ನನಗೆ ದೊಡ್ಡ ಭರವಸೆಯಿತ್ತು. ಮೊದಲ ಪಾಠವೇ ಬ್ರೇಕ್ ತಪ್ಪಿದ ಗಾಡಿಯ ಕಥೆ: ಹಳಿಯ ಮೇಲೆ ಐವರು ಕಾರ್ಮಿಕರು, ಪಕ್ಕದ ಹಳಿಯಲ್ಲಿ ಒಬ್ಬ, ನೀವು ಗಾಡಿ ತಿರುಗಿಸುತ್ತೀರೋ ಇಲ್ಲವೋ? ಜಗತ್ತಿನ ತುಂಬ ವಿದ್ಯಾರ್ಥಿಗಳು ಇದರ ಮೇಲೆ ತಲೆಕೆಡಿಸಿಕೊಂಡಿದ್ದಾರೆ. ನಮ್ಮಲ್ಲಿ ಕೊಂಕಣ ರೈಲ್ವೆಯ ಹಳಿಯ ಮೇಲೆ ಕೆಲಸ ಮಾಡಿ ನಿವೃತ್ತರಾದ ಒಬ್ಬರಿದ್ದರು. ಅವರು ಎದ್ದು ನಿಂತು, "ಕೆಂಪು ಬಾವುಟ ನೆಡದೆ ಐದು ಜನರನ್ನು ಹಳಿಗೆ ಇಳಿಸಿದ ಮೇಲ್ವಿಚಾರಕ ಯಾರು? ಮೊದಲು ಅವನನ್ನು ಹಿಡಿಯಿರಿ" ಎಂದರು. ಪಾಠ ಅಲ್ಲಿಗೆ ಮುಗಿಯಿತು. ಈಗ ಯೋಚಿಸಿದರೆ ಆ ದಿನ ಅತ್ಯಂತ ಒಳ್ಳೆಯ ಆಡಳಿತದ ಮಾತು ಆಡಿದವರು ಅವರೇ. ಆಗ ನನಗೆ ಸಿಟ್ಟು ಬಂದಿತ್ತು.

ಕೊರೊನಾದ ಎರಡು ವರ್ಷ ಎಲ್ಲ ನಿಂತಿತು. ದಾರಿ ಹೊಳೆದದ್ದು 2022ರ ಕೊನೆಯಲ್ಲಿ, ಪಕ್ಕದ ಊರಿನ ದೇವಸ್ಥಾನದ ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ. ಭಾಗವತರು ಪದ್ಯ ಹಾಡಿದ್ದು ಎರಡೇ ನಿಮಿಷ. ಅದರ ಮೇಲೆ ವಾಲಿಯ ಅರ್ಥ ಹೇಳುವವರು ರಾಮನನ್ನು ಮುಕ್ಕಾಲು ಗಂಟೆ ಹಿಡಿದು ನಿಲ್ಲಿಸಿದರು. ರಾತ್ರಿ ಒಂದೂವರೆ ಗಂಟೆಗೂ ಜನ ಅಲುಗಾಡಿರಲಿಲ್ಲ. ಕುಳಿತಲ್ಲೇ ನನಗೆ ನಾಚಿಕೆಯಾಯಿತು. ಮಾತಿನ ಜಗಳವನ್ನೇ ಕಲೆಯಾಗಿ ಮಾಡಿಕೊಂಡ ಊರಿನಲ್ಲಿ ನಾನು ಐವತ್ತು ನಿಮಿಷ ಪದ್ಯವನ್ನೇ ಹಾಡಿ, ಅರ್ಥ ಹೇಳಲು ಯಾರಿಗೂ ಬಿಟ್ಟಿರಲಿಲ್ಲ.

ಅಂದಿನಿಂದ ಕ್ರಮ ಹೀಗೆ. ಮೂಲ ಪಾಠದ ಮೂರು ನಿಮಿಷವನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ಹಾಕುತ್ತೇನೆ, ಪ್ರಾಧ್ಯಾಪಕರ ಮುಖ ಮತ್ತು ದನಿ ತಿಳಿಯಲು. ಒಂಬತ್ತು ನಿಮಿಷ ನನ್ನ ಕನ್ನಡ. ನಂತರ ಇಬ್ಬರು ಅರ್ಥಧಾರಿಗಳು ಒಂದೊಂದು ಪಕ್ಷ ಹಿಡಿದು ಎದುರುಬದುರು ಕೂರುತ್ತಾರೆ. ಕನ್ನಡದಲ್ಲಿ ಶುರುವಾದ ವಾದ ಹತ್ತು ನಿಮಿಷದಲ್ಲಿ ತುಳುವಿಗೆ ಇಳಿಯುತ್ತದೆ. ಇಳಿಯಿತೆಂದರೆ ಪಾಠ ನಾಟಿತು ಎಂದೇ ನನ್ನ ಲೆಕ್ಕ. ಐವತ್ತು ನಿಮಿಷದ ಪಾಠದಿಂದ ಆ ಮೂರು ನಿಮಿಷವನ್ನು ಹೇಗೆ ಹೆಕ್ಕುತ್ತೇನೆ ಎಂದು ಹಲವರು ಕೇಳಿದ್ದಾರೆ. ಅದನ್ನು ಹೇಳುವುದಿಲ್ಲ. ಯೇಲ್‌ನ ಪಾಠಗಳಿಗೆ ಪೂರ್ತಿ ಬರಹರೂಪವೂ ಸಿಗುತ್ತದೆ ಎಂಬಷ್ಟು ಸುಳಿವು ಸಾಕು.

ಮೊದಲು ಗೆದ್ದ ಪ್ರಸಂಗ ಭೂಮಿಯದು. ಆಸ್ತಿಯ ಹಕ್ಕು ಎಲ್ಲಿಂದ ಬಂತು, ಒಬ್ಬನದನ್ನು ಸರಕಾರ ತೆಗೆದು ಇನ್ನೊಬ್ಬನಿಗೆ ಕೊಡಬಹುದೇ ಎಂಬುದು ಸ್ಯಾಂಡೆಲ್ ಅವರಲ್ಲೂ ಇದೆ, ಯೇಲ್‌ನ ಇಯಾನ್ ಶಾಪಿರೋ ಅವರ ರಾಜಕೀಯದ ನೈತಿಕ ತಳಹದಿಯ ಪಾಠಗಳಲ್ಲೂ ಇದೆ. ಅಲ್ಲಿನ ಉದಾಹರಣೆಗಳನ್ನು ಬಿಟ್ಟು, 1974ರಲ್ಲಿ ಜಾರಿಗೆ ಬಂದ ನಮ್ಮ ಭೂಸುಧಾರಣೆಯನ್ನು ಎದುರಿಗಿಟ್ಟೆ. ತಾವೇ ಉಳುವ ಗೇಣಿದಾರರೆಂದು ಡಿಕ್ಲರೇಶನ್ ಹಾಕಿ ಗದ್ದೆ ಪಡೆದ ಮನೆಯವರೂ ಕಳೆದುಕೊಂಡ ಮನೆಯವರೂ ಒಂದೇ ಚಾಪೆಯ ಮೇಲಿದ್ದರು. ಕಳೆದುಕೊಂಡ ಮನೆಯವನಿಗೆ ಗೇಣಿದಾರನ ಪಕ್ಷ ಕೊಟ್ಟೆ, ಪಡೆದ ಮನೆಯವನಿಗೆ ಧನಿಯ ಪಕ್ಷ. ಕಾರ್ಯದರ್ಶಿ ನನ್ನನ್ನು ಬದಿಗೆ ಕರೆದು, "ಹೊಡೆದಾಟವಾದರೆ ಕಟ್ಟಡ ಮಂಡಲದ್ದು, ನೆನಪಿರಲಿ" ಎಂದರು. ಹೊಡೆದಾಟವಾಗಲಿಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿ ನಡುವೆ ಬಾಯಿ ಹಾಕಿ, ಬೆಳೆ ಹೋದ ವರ್ಷವೂ ಗೇಣಿಯ ಅಕ್ಕಿಮುಡಿ ಕಟ್ಟಿ ಹೊತ್ತುಕೊಂಡು ಹೋದದ್ದನ್ನು ಹೇಳಿದರು. ಧನಿಯ ಪಕ್ಷದವನು ಒಂದು ಕ್ಷಣ ಸುಮ್ಮನಾಗಿ, "ಆದರೂ ನನ್ನ ವಾದ ಬಿಡುವುದಿಲ್ಲ, ಅಜ್ಜಿ" ಎಂದ. ಆ ದಿನ ದೀಪ ಹಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ.

ಹಣದ ವಿಷಯ. ಎಂಐಟಿ ಮತ್ತು ಯೇಲ್‌ನ ಪಾಠಗಳನ್ನು ಹಂಚಬಹುದು, ವ್ಯಾಪಾರ ಮಾಡುವಂತಿಲ್ಲ. ಹಾಗಾಗಿ ಶುಲ್ಕದ ಮಾತೇ ಇಲ್ಲ. ಆದರೆ ಬಿಟ್ಟಿ ಸಿಕ್ಕಿದ್ದಕ್ಕೆ ಜನ ಬರುವುದೂ ಇಲ್ಲ. ಪಿಗ್ಮಿ ಠೇವಣಿ ಹುಟ್ಟಿದ ಊರಿನ ಬ್ಯಾಂಕಿನವನು ನಾನು, ಉಪಾಯ ಹುಡುಕಿದೆ. ಆರಂಭದಲ್ಲಿ ಪ್ರತಿಯೊಬ್ಬರೂ ಇನ್ನೂರನಲವತ್ತು ರೂಪಾಯಿ ಠೇವಣಿ ಇಡಬೇಕು. ಬಂದ ಪ್ರತಿ ವಾರ ಇಪ್ಪತ್ತು ವಾಪಸ್. ತಪ್ಪಿಸಿದರೆ ಆ ಇಪ್ಪತ್ತು ಗೋಳಿಬಜೆಗೆ. ಹಾಜರಿ ಅರ್ಧಕ್ಕಿಂತ ಕೆಳಗಿದ್ದದ್ದು ಮುಕ್ಕಾಲಿಗೆ ಏರಿತು. ಈ ಬುದ್ಧಿ ಕೊಟ್ಟದ್ದೂ ಒಂದು ಪಾಠವೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆಸಿದ ಲಸಿಕೆಯ ಪ್ರಯೋಗ: ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ನೂರಕ್ಕೆ ಆರು, ತಪ್ಪದೆ ಶಿಬಿರ ನಡೆದಲ್ಲಿ ಹದಿನೆಂಟರ ಆಸುಪಾಸು, ಶಿಬಿರದ ಜೊತೆ ಒಂದು ಕಿಲೋ ಬೇಳೆಯನ್ನೂ ಕೊಟ್ಟಲ್ಲಿ ಮೂವತ್ತೊಂಬತ್ತು. ಉದಯಪುರ ಎಂದದ್ದು ಹಿಂದಿನ ಸಾಲಿಗೆ ಉಡುಪಿ ಎಂದು ಕೇಳಿಸಿ, "ನಮಗೆ ಯಾವಾಗ ಬೇಳೆ ಕೊಟ್ಟರು?" ಎಂದು ಗದ್ದಲವೆದ್ದಿತು. ಅಂದಿನಿಂದ ಇಂಥ ಆಮಿಷಕ್ಕೆ ನಮ್ಮಲ್ಲಿ "ಬೇಳೆ" ಎಂದೇ ಹೆಸರು.

ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ನನ್ನ ಒಂಬತ್ತು ನಿಮಿಷವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬೀಡಿ ಕಟ್ಟುವ ಹತ್ತು ಹನ್ನೆರಡು ಮಂದಿ ಅಕ್ಕಂದಿರಿಗೆ ಗುರುವಾರವೇ ಕಳುಹಿಸಿದೆ. ಕೈ ಎಲೆಯ ಮೇಲೆ, ಕಿವಿ ಖಾಲಿ. ನಾಲ್ಕಾರು ಸಲ ಕೇಳಿ, ನನ್ನ ತಪ್ಪುಗಳನ್ನು ಗುರುತು ಹಾಕಿಕೊಂಡು ಬಂದರು. ಇದೇ ಕ್ರಮವನ್ನು ಹೋಟೆಲಿನ ಅಡುಗೆಯವರಲ್ಲಿ ಪ್ರಯತ್ನಿಸಿದೆ, ಒಗ್ಗರಣೆಯ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವಂತೆ. ಆಟೋ ಚಾಲಕರು ಎರಡು ವಾರ ಕೇಳಿ ಹಾಡಿಗೆ ಮರಳಿದರು.

ಪಂಚಾಯತಿಯ ಲೆಕ್ಕ ಹಿಡಿದವರು ಬೀಡಿಯ ಅಕ್ಕಂದಿರೇ. ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾದ ಪಂಚಾಯತಿಗಳಲ್ಲಿ ಹೆಂಗಸರು ಹೆಚ್ಚಾಗಿ ಕೇಳುವ ಕೆಲಸಗಳಿಗೆ, ಮುಖ್ಯವಾಗಿ ಕುಡಿಯುವ ನೀರಿಗೆ, ಹೆಚ್ಚು ಹಣ ಹೋಗುತ್ತದೆ ಎಂದು ಡುಫ್ಲೋ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಬಂಗಾಳ ಮತ್ತು ರಾಜಸ್ಥಾನದಲ್ಲಿ ಕಂಡುಕೊಂಡದ್ದು 2004ರಲ್ಲಿ ಪ್ರಕಟವಾಗಿದೆ. "ನಮ್ಮಲ್ಲಿ ಹಾಗಿದೆಯೇ?" ಎಂದರು ಒಬ್ಬರು. ಗ್ರಾಮಸಭೆಯಲ್ಲಿ ಹಂಚಿದ ಕ್ರಿಯಾಯೋಜನೆಗಳನ್ನು ಹುಡುಕಿ ತಂದೆವು. ಅಧ್ಯಕ್ಷೆ ಇದ್ದ ವರ್ಷಗಳಲ್ಲಿ ನೀರಿನ ಕೆಲಸ ಎದ್ದು ಕಾಣುವಷ್ಟು ಜಾಸ್ತಿ. ಎಲ್ಲರಿಗೂ ಖುಷಿ. ಆಗ ಬಿ.ಕಾಂ. ಓದುವ ಹುಡುಗಿಯೊಬ್ಬಳು ತಣ್ಣೀರು ಎರಚಿದಳು: ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತನ್ನು ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕೆಂಬ ಷರತ್ತಿತ್ತು, ಅಧ್ಯಕ್ಷರು ಯಾರಾದರೂ ಅಷ್ಟೇ. ಅನುದಾನದ ಹಣವನ್ನು ಬದಿಗಿಟ್ಟು ಪಂಚಾಯತಿಯ ಸ್ವಂತ ಸಂಪನ್ಮೂಲದ್ದನ್ನು ಮಾತ್ರ ನೋಡಿದರೆ ವ್ಯತ್ಯಾಸ ಬಹುತೇಕ ಕರಗಿಹೋಯಿತು. ಬೀದಿದೀಪಕ್ಕೆ ಹೋದದ್ದೇ ಹೆಚ್ಚು. ಮುಂದಿನ ಗ್ರಾಮಸಭೆಯಲ್ಲಿ ಆ ಅಕ್ಕಂದಿರು ಅದೇ ಹಾಳೆ ಹಿಡಿದು ಪಿಡಿಒ ಅವರನ್ನು ಬೀದಿದೀಪದ ಬಗ್ಗೆ ಕೇಳಿದರು. ಉತ್ತರ ಅಷ್ಟಕ್ಕಷ್ಟೇ, ಆದರೆ ಸಭೆ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ.

ಪರೀಕ್ಷೆಯ ಹುಚ್ಚೂ ಒಮ್ಮೆ ಹತ್ತಿತು. ಸ್ವಯಂನ ಕೋರ್ಸು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಆಗ ತಲಾ ಸಾವಿರ. ನಾಲ್ವರು ಬೆಳಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರೆದೆವು. ಮನೆಯಲ್ಲಿ ಮಾಡುವ ಅಸೈನ್‌ಮೆಂಟಿಗೆ ಇಪ್ಪತ್ತೈದು ಅಂಕ, ಕಂಪ್ಯೂಟರ್ ಮುಂದೆ ಬರೆಯುವುದಕ್ಕೆ ಎಪ್ಪತ್ತೈದು. ಆ ಬಿ.ಕಾಂ. ಹುಡುಗಿಗೆ ಎಪ್ಪತ್ತರ ಮೇಲೆ ಬಂತು. ನನಗೆ ಐವತ್ತೆಂಟು. ಇನ್ನೊಬ್ಬರು ಫೇಲಾದರು, ಅವರ ಸಾವಿರವನ್ನು ನಾನೇ ತುಂಬಿಕೊಟ್ಟೆ, ಒತ್ತಾಯಿಸಿ ಕರೆದೊಯ್ದವನು ನಾನಲ್ಲವೇ. ಮತ್ತೆ ಆ ದಾರಿ ಹಿಡಿದಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ ಒಂದರಿಂದ ಯಾಂತ್ರೀಕೃತ ದೋಣಿಗಳು ಎರಡು ತಿಂಗಳು ದಡದಲ್ಲಿರುತ್ತವೆ. ಮಲ್ಪೆಯಲ್ಲಿ ದುಡಿಯುವ ಏಳೆಂಟು ಜನ ಆಗ ಬರುತ್ತೇವೆ ಎಂದಿದ್ದಾರೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ, ಎಲ್ಲರಿಗೂ ಸೇರಿದ್ದನ್ನು ಊರವರೇ ಕಾಯುವ ವಿಚಾರವನ್ನು ಅವರಿಗಾಗಿ ಎತ್ತಿಟ್ಟಿದ್ದೇನೆ. ರಾತ್ರಿ ಬೆಳಕು ಹಾಕಿ ಮೀನನ್ನೆಲ್ಲ ಸೆಳೆದು ಹಿಡಿಯುವವನ ಪಕ್ಷ ವಹಿಸಲು ಈವರೆಗೆ ಯಾರೂ ಒಪ್ಪಿಲ್ಲ. ಮೊನ್ನೆ ಮೆಟ್ಟಿಲಿಳಿಯುವಾಗ ಕಾರ್ಯದರ್ಶಿ, ತನಗೂ ಒಂದು ಅರ್ಥ ಕೊಡಿ ಎಂದು ಕೇಳಿದರು. ಯಾವುದನ್ನು ಕೊಡುತ್ತೇನೆ ಎಂದು ಅವರಿಗಿನ್ನೂ ಹೇಳಿಲ್ಲ.