ಮಿಷಿಗನ್ ಸರೋವರದ ದಡದಲ್ಲಿ ಮನೆ ಮಾಡುವ ಕೊಡಗಿನವರಿಗೆ

ಕಾಫಿ ಕೊಯ್ಲಿನ ಹೊತ್ತಿಗೆ ನಾನು ಊರಿಗೆ ಬಂದಾಗಲೆಲ್ಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಮನೆಗಳಿಂದ ಒಂದೇ ಬಗೆಯ ವಿಚಾರಣೆ ಬರುತ್ತದೆ. ಮಗನಿಗೋ ಸೊಸೆಗೋ ಷಿಕಾಗೊದಲ್ಲಿ ಕೆಲಸ ಸಿಕ್ಕಿದೆ, ಕಚೇರಿ ನಗರದ ನಟ್ಟನಡುವೆ ಇದೆ, ಸರೋವರದ ಪಕ್ಕದ ಬಡಾವಣೆ ಬಹಳ ಚೆನ್ನಾಗಿದೆಯಂತೆ, ಬಾಡಿಗೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ, ಅಲ್ಲಿಯೇ ಮನೆ ಹಿಡಿಯಬೇಕೇ ಎಂದು ಕೇಳುತ್ತಾರೆ. ಸ್ಟ್ರೀಟರ್‌ವಿಲ್ ಎಂಬ ಆ ಬಡಾವಣೆಯಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಎಲ್ಲರಿಗೂ ಕೊಡುವ ಉತ್ತರ ಒಂದೇ: ನಡೆದು ಕಚೇರಿಗೆ ಹೋಗುವಂತಿದ್ದರೆ ಬಡಾವಣೆಯನ್ನು ಹಿಡಿಯಿರಿ, ಆದರೆ ಸರೋವರ ಕಾಣುವ ಕಿಟಕಿಗೆ ದುಡ್ಡು ಸುರಿಯಬೇಡಿ.

ಇದಕ್ಕೆ ಕಾರಣ ಆ ದಡದ ಸ್ವರೂಪದಲ್ಲಿಯೇ ಇದೆ. ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ನಮ್ಮ ಇಡೀ ಕೊಡಗು ಜಿಲ್ಲೆಯದು 4,102. ಹದಿನಾಲ್ಕು ಕೊಡಗುಗಳು ಅದರೊಳಗೆ ಮುಳುಗಿಹೋದಾವು. ದಡದಲ್ಲಿ ನಿಂತರೆ ಆಚೆಯ ದಡ ಕಾಣುವುದಿಲ್ಲ. ಅಲೆಗಳಿವೆ, ಮರಳಿದೆ, ಉಪ್ಪೊಂದಿಲ್ಲ. ಇಷ್ಟು ದೊಡ್ಡ ನೀರಿನ ಅಂಚಿನ ಬಹುಭಾಗ ಖಾಸಗಿಯವರ ಕೈಗೆ ಹೋಗದೆ ಸಾರ್ವಜನಿಕ ಉದ್ಯಾನವಾಗಿ ಉಳಿದಿದೆ. ಈಗಿನ ಗ್ರ್ಯಾಂಟ್ ಪಾರ್ಕಿನ ಜಾಗವನ್ನು ಕಟ್ಟಡಗಳಿಲ್ಲದೆ ಎಂದೆಂದಿಗೂ ತೆರೆದಿಡಬೇಕೆಂದು 1836ರಲ್ಲಿ ನಕಾಶೆಯ ಮೇಲೆಯೇ ಬರೆದಿದ್ದರು. ಆ ಬರಹವನ್ನು ಹಿಡಿದುಕೊಂಡು ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಎರಡು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿ ಅದನ್ನು ಉಳಿಸಿಕೊಟ್ಟರು. ಇಂದು ದಡದುದ್ದಕ್ಕೂ ಸುಮಾರು 30 ಕಿಲೋಮೀಟರಿನ ಹಾದಿಯಿದ್ದು, ನಡೆಯುವವರಿಗೆ ಒಂದು, ಸೈಕಲ್ಲಿನವರಿಗೆ ಇನ್ನೊಂದು ಎಂದು 2018ರಲ್ಲಿ ಬೇರ್ಪಡಿಸಿದ್ದಾರೆ. ನಡೆಯುವವರು ಸೈಕಲ್ ಹಾದಿಗೆ ಕಾಲಿಟ್ಟರೆ ಬೈಗುಳ ಖಚಿತ. ಮೂವತ್ತನೆಯ ಮಹಡಿಯಲ್ಲಿ ಪೂರ್ವದಿಕ್ಕಿನ ಕಿಟಕಿಗಾಗಿ ಹೆಚ್ಚು ಬಾಡಿಗೆ ಕೊಡುವವರಿಗೂ, ಮೂರು ಬೀದಿ ಒಳಗೆ ಪಶ್ಚಿಮದಿಕ್ಕಿನ ಚಿಕ್ಕ ಮನೆಯಲ್ಲಿರುವವರಿಗೂ ಈ ಹಾದಿ ಒಂದೇ.

ಬಡಾವಣೆಯ ಹುಟ್ಟಿನ ಬಗ್ಗೆ ಒಂದು ಮಾತು. 1886ರಲ್ಲಿ ಜಾರ್ಜ್ ಸ್ಟ್ರೀಟರ್ ಎಂಬಾತನ ದೋಣಿ ಇಲ್ಲಿ ದಡದ ಹತ್ತಿರ ಮರಳಿಗೆ ಸಿಕ್ಕಿಕೊಂಡಿತು. ಸುತ್ತಲೂ ಮಣ್ಣು, ಕಲ್ಲು, ಕಟ್ಟಡದ ಕಸ ತುಂಬಿ ನೀರಿದ್ದಲ್ಲಿ ನೆಲವಾದಾಗ, ಅದು ಇಲಿನಾಯ್ ರಾಜ್ಯಕ್ಕೆ ಸೇರದ ತನ್ನದೇ ಜಾಗವೆಂದು ಆತ ದಶಕಗಳ ಕಾಲ ವ್ಯಾಜ್ಯ ನಡೆಸಿದ. ಜಮ್ಮಾ ಬಾಣೆಯ ದಾಖಲೆಗಾಗಿ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಮನೆತನದವರಿಗೆ ಈ ಕತೆ ಹೊಸದೆನಿಸದು. ಸ್ಟ್ರೀಟರ್ ಸೋತ, ಹೆಸರು ಮಾತ್ರ ಉಳಿಯಿತು.

ಬಾಡಿಗೆಯ ವಿಷಯಕ್ಕೆ ಬರುತ್ತೇನೆ. ಸ್ಟ್ರೀಟರ್‌ವಿಲ್‌ನಲ್ಲಾಗಲಿ, ಅದರ ಉತ್ತರಕ್ಕಿರುವ ಗೋಲ್ಡ್ ಕೋಸ್ಟ್‌ನಲ್ಲಾಗಲಿ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ 2,000 ಡಾಲರ್ ದಾಟುವುದು ಸಾಮಾನ್ಯ. ಜಾಹೀರಾತಿನಲ್ಲಿ ಕಾಣುವ ಮೊತ್ತವನ್ನು ನಂಬಿ ಲೆಕ್ಕ ಹಾಕಬಾರದು. ಕಾರು ನಿಲ್ಲಿಸುವ ಜಾಗ, ಸೌಲಭ್ಯ ಶುಲ್ಕ, ವಿದ್ಯುತ್ತು, ಇಂಟರ್ನೆಟ್, ಬಾಡಿಗೆದಾರರ ವಿಮೆ ಇವೆಲ್ಲವನ್ನೂ ಕೂಡಿಸಿದ ಮೇಲೆ ಬರುವುದೇ ನಿಜವಾದ ಬಾಡಿಗೆ. ಇಲ್ಲಿನ ಅನೇಕ ಕಟ್ಟಡಗಳು ಹಿಂದಿರುಗಿಸುವ ಮುಂಗಡವನ್ನು ಕೇಳುವುದಿಲ್ಲ. ಮುಂಗಡಕ್ಕೆ ನಗರದ ಕಾನೂನು ಬಿಗಿಯಾಗಿರುವುದರಿಂದ, ಅದರ ಬದಲು ಹಿಂದಿರುಗಿಸದ ಪ್ರವೇಶ ಶುಲ್ಕವನ್ನು ವಸೂಲು ಮಾಡುತ್ತವೆ. ಹೊಸದಾಗಿ ಬಂದವರಿಗೆ ಅಮೆರಿಕದ ಸಾಲದ ಇತಿಹಾಸ ಇರುವುದಿಲ್ಲವಾದ್ದರಿಂದ ಕೆಲಸದ ನೇಮಕ ಪತ್ರ, ಬ್ಯಾಂಕಿನ ವಿವರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಸಾಮಾನು ಸಾಗಿಸುವ ದಿನಕ್ಕೆ ಸರಕಿನ ಲಿಫ್ಟನ್ನು ಮುಂಚಿತವಾಗಿ ಕಾಯ್ದಿರಿಸದಿದ್ದರೆ, ಸೋಫಾ ಹೊತ್ತ ಲಾರಿ ಬೀದಿಯಲ್ಲಿಯೇ ನಿಂತಿರಬೇಕಾಗುತ್ತದೆ.

ಮನೆ ನೋಡಲು ಹೋದಾಗ ಹೊರನೋಟಕ್ಕಿಂತ ಮೊದಲು ಬಿಸಿಗಾಳಿ ಮತ್ತು ತಂಪುಗಾಳಿಯ ವ್ಯವಸ್ಥೆ ಹೇಗಿದೆಯೆಂದು ಕೇಳಬೇಕು. ಹಳೆಯ ಎತ್ತರದ ಕಟ್ಟಡಗಳಲ್ಲಿ ಎರಡಕ್ಕೂ ಒಂದೇ ಕೊಳವೆಯ ಜಾಲವಿದ್ದು, ವರ್ಷಕ್ಕೆ ಎರಡು ಸಲ ಇಡೀ ಕಟ್ಟಡವನ್ನು ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಬದಲಾಯಿಸುತ್ತಾರೆ; ಆ ಬದಲಾವಣೆಯ ಮೊದಲು ಏಕಾಏಕಿ ಸೆಕೆ ಬಂದರೆ ಕಿಟಕಿ ತೆರೆದು ಕೂರುವುದೊಂದೇ ದಾರಿ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮನೆಯೊಳಗೆ ಹಗಲು ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 20 ಡಿಗ್ರಿ ಸೆಲ್ಸಿಯಸ್, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಇರಬೇಕೆಂಬ ನಗರದ ನಿಯಮವಿದೆ. ಮನೆ ತಣ್ಣಗಿದ್ದರೆ ಕಂಬಳಿ ಹೊದ್ದು ಸಹಿಸಿಕೊಳ್ಳುವುದು ನಮ್ಮವರ ಸ್ವಭಾವ, ಆದರೆ ಇದು ದೂರು ಕೊಡಬೇಕಾದ ಸಂಗತಿ.

ಚಳಿಯ ಮಾತು ಬಂದಾಗ ಮಡಿಕೇರಿಯವರು ಸ್ವಲ್ಪ ನಗುತ್ತಾರೆ. ಮಂಜಿನಲ್ಲಿಯೇ ಹುಟ್ಟಿ ಬೆಳೆದವರಿಗೆ ಚಳಿಯ ಪಾಠವೇ ಎಂಬ ನಗು ಅದು. 2019ರ ಜನವರಿ 30ರಂದು ಷಿಕಾಗೊದ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿದಿತ್ತು. ಅಂಥ ದಿನಗಳು ಅಪರೂಪ, ನಿಜ. ಆದರೆ ಸರೋವರದ ಅಂಚಿನಲ್ಲಿ ಸಾಧಾರಣ ಚಳಿಗಾಲವೂ ಗಾಳಿಯಿಂದಾಗಿಯೇ ಕಠಿಣವಾಗುತ್ತದೆ, ಏಕೆಂದರೆ ನೀರಿನ ಮೇಲಿಂದ ತಡೆಯಿಲ್ಲದೆ ಬಂದ ಗಾಳಿ ಎರಡು ಎತ್ತರದ ಕಟ್ಟಡಗಳ ಸಂದಿಯಲ್ಲಿ ನುಗ್ಗಿ ಮೂಲೆ ತಿರುಗುವವರನ್ನು ಅಕ್ಷರಶಃ ಹಿಂದಕ್ಕೆ ತಳ್ಳುತ್ತದೆ. ಇಲ್ಲಿ ಮಳೆ ನಮ್ಮ ಲೆಕ್ಕದಲ್ಲಿ ಮಳೆಯೇ ಅಲ್ಲ, ಆದರೂ ಊರಿನಿಂದ ತಂದ ದೊಡ್ಡ ಛತ್ರಿ ಮೊದಲ ಗಾಳಿಗೇ ಮಗುಚಿಕೊಳ್ಳುತ್ತದೆ. ಟೊಪ್ಪಿಯಿರುವ, ಮೊಣಕಾಲಿನವರೆಗೆ ಬರುವ, ಗಾಳಿ ತಡೆಯುವ ಕೋಟನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳುವುದು ಮೇಲು. ಬೆಂಗಳೂರಿನಲ್ಲಿ ಕೊಂಡ ಜಾಕೆಟ್ಟು ಅಕ್ಟೋಬರ್ ಮುಗಿಯುವವರೆಗೆ ನಡೆಯುತ್ತದೆ. ಚಳಿಗಾಲದಲ್ಲಿ ಕಟ್ಟಡಗಳ ಮೇಲಿಂದ ಕಾಲುದಾರಿಗೆ ಮಂಜುಗಡ್ಡೆ ಬೀಳುವ ಎಚ್ಚರಿಕೆಯ ಫಲಕಗಳನ್ನು ನಿಲ್ಲಿಸಿರುತ್ತಾರೆ, ಅದು ತೋರಿಕೆಯ ಮಾತಲ್ಲ. ಅಂಥಲ್ಲಿ ಗೋಡೆಯ ಬದಿ ಬಿಟ್ಟು ನಡೆಯಬೇಕು.

ವಸಂತವೂ ಇಲ್ಲಿ ತಡವಾಗಿಯೇ ಬರುತ್ತದೆ. ಚಳಿಗಾಲದಲ್ಲಿ ತಣ್ಣಗಾದ ನೀರು ಬೇಗ ಕಾಯುವುದಿಲ್ಲವಾದ್ದರಿಂದ, ಏಪ್ರಿಲ್ ಮೇ ತಿಂಗಳುಗಳಲ್ಲಿ ದಡದಿಂದ ದೂರದ ಉಪನಗರವಾದ ನೇಪರ್ವಿಲ್‌ನಲ್ಲಿರುವ ಸ್ನೇಹಿತರು ಅರೆತೋಳಿನ ಅಂಗಿಯಲ್ಲಿ ತಿರುಗಾಡುವ ದಿನವೇ ದಡದವರು ಸ್ವೆಟರ್ ಬಿಡಲಾರರು. ಮೇ ತಿಂಗಳಲ್ಲಿ ಎತ್ತರದ ಮಹಡಿಗಳ ಕಿಟಕಿಗೆ ಜೇಡಗಳು ಗಾಳಿಯಲ್ಲಿ ತೇಲಿಬಂದು ಅಂಟಿಕೊಳ್ಳುತ್ತವೆ. ಕಿಟಕಿ ತೆರೆಯಬೇಡಿ ಎಂದು ಕಟ್ಟಡದವರು ಸೂಚನೆ ಹಚ್ಚುತ್ತಾರೆ. ಮಳೆಗಾಲದ ತೋಟದಲ್ಲಿ ಜಿಗಣೆ ಕಿತ್ತು ಬೆಳೆದವರು ಗಾಬರಿಯಾಗಬೇಕಿಲ್ಲ.

ಅಡುಗೆಮನೆಯ ಬಗ್ಗೆ ವಿವರವಾಗಿಯೇ ಹೇಳಬೇಕು. ನಮ್ಮವರು ಕಟ್ಟಡದವರಿಂದ ಮೊದಲು ಮಾತು ಕೇಳುವುದು ಇಲ್ಲಿಯೇ. ಎತ್ತರದ ಕಟ್ಟಡಗಳಲ್ಲಿ ಒಲೆಯ ಮೇಲಿನ ಫ್ಯಾನು ಬಹುಪಾಲು ಹೊಗೆಯನ್ನು ಹೊರಕ್ಕೆ ಕಳಿಸುವುದಿಲ್ಲ, ಸೋಸಿ ಮತ್ತೆ ಮನೆಯೊಳಕ್ಕೇ ಬಿಡುತ್ತದೆ. ಪಂದಿಕರಿಗೆ ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಕಪ್ಪಾಗುವವರೆಗೆ ಹುರಿಯುವ ನಮ್ಮ ಕ್ರಮ, ಹೊಗೆ ತಾಗಿದೊಡನೆ ಕೂಗಿಕೊಳ್ಳುವ ಚಾವಣಿಯ ಗಂಟೆಗೆ ಆಗಿಬರುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕಿಟಕಿ ತೆರೆದು, ಸ್ವಲ್ಪ ಸ್ವಲ್ಪವೇ ಹುರಿದು, ಒಂದೇ ದಿನ ಮೂರು ತಿಂಗಳಿಗಾಗುವಷ್ಟು ಪುಡಿ ಮಾಡಿಟ್ಟುಕೊಳ್ಳುವುದು ಜಾಣತನ. ಗಂಟೆ ಹೊಡೆದುಕೊಂಡರೂ ಮನೆಯ ಮುಂಬಾಗಿಲನ್ನು ತೆರೆಯಬಾರದು. ಹೊಗೆ ಮೊಗಸಾಲೆಗೆ ಹೋದರೆ ಅಲ್ಲಿನ ಗಂಟೆಯೂ ಸೇರಿಕೊಂಡು ಇಡೀ ಕಟ್ಟಡವೇ ಕೆಳಗಿಳಿಯುವ ಸಂದರ್ಭ ಬರಬಹುದು, ಅಗ್ನಿಶಾಮಕದವರೂ ಬಂದಾರು. ಕಿಟಕಿ ತೆರೆದು ಟವೆಲ್ಲಿನಿಂದ ಗಂಟೆಯ ಕೆಳಗೆ ಬೀಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಸಾಮಾನಿಗೆ ಕೊರತೆಯಿಲ್ಲ. ಡೆವನ್ ಅವೆನ್ಯೂದಲ್ಲಿ ನಮ್ಮ ದೇಶದ ಅಂಗಡಿಗಳ ಸಾಲೇ ಇದೆ. ಪಟೇಲ್ ಬ್ರದರ್ಸ್ ತಮ್ಮ ಮೊದಲ ಅಂಗಡಿಯನ್ನು 1974ರಲ್ಲಿ ತೆರೆದದ್ದು ಆ ಬೀದಿಯಲ್ಲಿಯೇ. ರೆಡ್ ಲೈನ್ ರೈಲಿನಲ್ಲಿ ಲೊಯೋಲಾ ನಿಲ್ದಾಣಕ್ಕೆ ಹೋಗಿ 155ನೇ ಸಂಖ್ಯೆಯ ಬಸ್ಸು ಹಿಡಿದರೆ ಕಾರಿಲ್ಲದವರೂ ತಲುಪಬಹುದು. ಕಡಂಬುಟ್ಟಿಗೆ ಅಕ್ಕಿತರಿ ಸಿಗದಿದ್ದರೆ ಅಲ್ಲಿನ ಇಡ್ಲಿ ರವೆಯಿಂದ ಕೆಲಸ ಸಾಗುತ್ತದೆ. ಚರ್ಮ, ಕೊಬ್ಬು ಸಹಿತವಾದ ಹಂದಿಮಾಂಸ ದೊಡ್ಡ ಮಳಿಗೆಗಳಲ್ಲಿ ಸುಲಭವಾಗಿ ಸಿಗದು. ಚೈನಾಟೌನಿನಲ್ಲಿಯೂ ಆರ್ಗೈಲ್ ಬೀದಿಯ ವಿಯೆಟ್ನಾಂ ಅಂಗಡಿಗಳಲ್ಲಿಯೂ ಕೇಳಿ ಪಡೆಯಬಹುದು, ಬೈಂಬಳೆಯೂ ಡಬ್ಬಿಯಲ್ಲಿ ದೊರೆಯುತ್ತದೆ. ಎರಡೂ ಕಡೆಗೆ ರೆಡ್ ಲೈನೇ ಹೋಗುತ್ತದೆ. ಊರಿನಿಂದ ತರಬೇಕಾದದ್ದು ನೂಲ್‌ಪುಟ್ಟಿನ ಒರಳು, ಕಾಫಿಪುಡಿ ಮತ್ತು ಕಾಚಂಪುಳಿ. ಕಾಚಂಪುಳಿಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಗಳೊಳಗೆ ಇಡಬೇಕು. ಒಣಮಾಂಸ, ಪಂದಿ ಉಪ್ಪಿನಕಾಯಿ ಇವನ್ನು ಅಮ್ಮ ಎಷ್ಟೇ ಒತ್ತಾಯಿಸಿದರೂ ತರಬಾರದು. ಮಾಂಸದ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲಿಯೇ ಕಿತ್ತುಕೊಳ್ಳುತ್ತಾರೆ, ತಿಂಡಿತಿನಿಸು ಇದೆಯೆಂದು ಹೇಳಿಕೊಳ್ಳದಿದ್ದರೆ ದಂಡವೂ ಬೀಳುತ್ತದೆ.

ಹಬ್ಬಗಳಿಗೆ ಕಟ್ಟಡದ ಸಾಮುದಾಯಿಕ ಕೋಣೆಯನ್ನು ಬಾಡಿಗೆಗೆ ಪಡೆಯಬಹುದು. ಪುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎಂದು ಕೂಗುವುದನ್ನು ರಾತ್ರಿ ಹತ್ತರೊಳಗೆ ಮುಗಿಸಿದರೆ ನೆರೆಯವರ ತಕರಾರು ಇರುವುದಿಲ್ಲ. ಕೈಲ್ಪೊಳ್ದಿಗೆ ಕೋವಿಯ ಬದಲು ಅದರ ಚಿತ್ರವನ್ನಿಟ್ಟು ಪೂಜಿಸುವುದೇ ಸರಿ. ಇಲಿನಾಯ್ ರಾಜ್ಯದಲ್ಲಿ ಕೋವಿ ಇಟ್ಟುಕೊಳ್ಳಲು ಬೇರೆಯೇ ಗುರುತಿನ ಚೀಟಿ ಬೇಕು, ಕೋವಿ ಪರವಾನಗಿಗೆ ಊರಿನಲ್ಲಿರುವ ವಿನಾಯಿತಿ ಇಲ್ಲಿ ನಡೆಯದು. ಬಾಗಿಲು ಕಾಯುವವರನ್ನು ಹೆಸರು ಹಿಡಿದು ಮಾತನಾಡಿಸಿ, ಡಿಸೆಂಬರಿನಲ್ಲಿ ಲಕೋಟೆಯಲ್ಲಿ ಸ್ವಲ್ಪ ಹಣವಿಟ್ಟು ಕೊಡುವುದು ಇಲ್ಲಿನ ರೂಢಿ.

ಓಡಾಟಕ್ಕೆ ಕಾರು ಅಗತ್ಯವಿಲ್ಲ. ಕಟ್ಟಡದಲ್ಲಿ ಅದನ್ನು ನಿಲ್ಲಿಸಲು ತಿಂಗಳಿಗೆ ಕೊಡುವ ಹಣದಲ್ಲಿ ಎಷ್ಟೋ ಸಲ ಟ್ಯಾಕ್ಸಿಯಲ್ಲಿ ಹೋಗಿಬರಬಹುದು. ರೆಡ್ ಲೈನ್ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ದಿಕ್ಕು ತಪ್ಪಿದರೆ ಸರೋವರ ಯಾವಾಗಲೂ ಪೂರ್ವಕ್ಕಿದೆಯೆಂದು ನೆನಪಿಟ್ಟರೆ ಸಾಕು. ಮನೆಸಂಖ್ಯೆಗಳೆಲ್ಲ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಜಾಗದಿಂದ ಆರಂಭವಾಗುತ್ತವೆ. ನದಿಯ ಹತ್ತಿರ ಕೆಲವು ಬೀದಿಗಳು ಒಂದರ ಮೇಲೊಂದಿವೆ, ಆದ್ದರಿಂದ ಟ್ಯಾಕ್ಸಿ ಕರೆಯುವಾಗ ಮೇಲಿನ ಬೀದಿಯೋ ಕೆಳಗಿನದೋ ಎಂದು ಹೇಳದಿದ್ದರೆ ಚಾಲಕ ನಿಮ್ಮ ಕಾಲಡಿಯಲ್ಲಿ ಕಾಯುತ್ತಿರುತ್ತಾನೆ. ಕಷ್ಟವಿರುವುದು ನಮ್ಮವರನ್ನು ಕಾಣಲು. ಕನ್ನಡಿಗರಲ್ಲಿ ಹೆಚ್ಚಿನವರು ನೇಪರ್ವಿಲ್, ಅರೋರಾ, ಷಾಂಬರ್ಗ್ ಮೊದಲಾದ ಉಪನಗರಗಳಲ್ಲಿದ್ದಾರೆ. ಲೆಮಾಂಟಿನ ರಾಮ ದೇವಸ್ಥಾನ, ಅರೋರಾದ ಬಾಲಾಜಿ ದೇವಸ್ಥಾನಗಳೂ ಅತ್ತಲೇ ಇವೆ, ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮಗಳೂ ಬಹುಪಾಲು ಅತ್ತಲೇ. ಯೂನಿಯನ್ ಸ್ಟೇಷನ್‌ನಿಂದ ಮೆಟ್ರಾ ರೈಲಿನಲ್ಲಿ ನೇಪರ್ವಿಲ್ ತಲುಪಿ, ನಿಲ್ದಾಣಕ್ಕೆ ಬಂದು ಕರೆದೊಯ್ಯುವಿರಾ ಅಣ್ಣ ಎಂದು ಕೂಟದವರನ್ನು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಸಂಕೋಚ ಬಿಟ್ಟು ಕೇಳಬೇಕು, ಅಷ್ಟೇ.

ಇನ್ನು ನೀರು. ಕಾವೇರಿಯಲ್ಲಿ ಈಜಿ ಬೆಳೆದ ಹುಡುಗರು ಅಲೆಗಳನ್ನು ಕಂಡೊಡನೆ ಇಳಿಯುತ್ತಾರೆ. ಓಕ್ ಸ್ಟ್ರೀಟ್, ಒಹಾಯೊ ಸ್ಟ್ರೀಟ್ ಕಡಲತೀರದಂಥ ಮರಳದಂಡೆಗಳಲ್ಲಿ ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಮಾತ್ರ ಜೀವರಕ್ಷಕರಿರುತ್ತಾರೆ. ಹಸಿರು ಬಾವುಟವಿದ್ದರೆ ಇಳಿಯಬಹುದು, ಹಳದಿಯಿದ್ದರೆ ಎಚ್ಚರ, ಕೆಂಪಿದ್ದರೆ ನಿಷೇಧ. ಕಾಂಕ್ರೀಟ್ ಗೋಡೆಗಳ ಬಳಿ ಅಲೆಗಳು ಬಡಿದು ಹಿಂದಿರುಗುವಾಗ ಒಳಸೆಳೆತ ಹುಟ್ಟುತ್ತದೆ, ಹತ್ತಿ ಬರಲು ಹಿಡಿತವೂ ಇರುವುದಿಲ್ಲ. ಇದಕ್ಕಿಂತ ಅಪಾಯಕಾರಿಯಾದದ್ದು ಚಳಿಗಾಲದ ದಡ. ಅಲೆಗಳು ಎರಚಿದ ನೀರು ಹೆಪ್ಪುಗಟ್ಟಿ ದಡಕ್ಕೆ ಅಂಟಿಕೊಂಡು ಗುಡ್ಡಗಳಂತೆ ಬೆಳೆಯುತ್ತದೆ, ಅದರ ಮೇಲೆ ಹಿಮ ಬಿದ್ದು ನೆಲವೆಂದೇ ತೋರುತ್ತದೆ. ಒಳಗೆ ಟೊಳ್ಳು, ಕೆಳಗೆ ನೀರು. ಫೋಟೊಗಾಗಿ ಒಂದು ಹೆಜ್ಜೆಯನ್ನೂ ಅದರ ಮೇಲೆ ಇಡಬಾರದು.

ತಂದೆತಾಯಿಯರನ್ನು ಕರೆಸಿಕೊಳ್ಳುವವರು ಕೊಯ್ಲು ಮುಗಿದ ಕೂಡಲೇ ಮಾರ್ಚಿನಲ್ಲಿ ಟಿಕೆಟ್ ತೆಗೆಯುತ್ತಾರೆ. ಅದು ತಪ್ಪು ಲೆಕ್ಕ. ಬಂದ ಹಿರಿಯರು ಎರಡು ತಿಂಗಳು ಕಿಟಕಿಯ ಬಳಿಯೇ ಕುಳಿತಿರಬೇಕಾಗುತ್ತದೆ. ಹೂಮಳೆಯ ಕೆಲಸ, ಮಳೆಗಾಲಕ್ಕೆ ಮುಂಚಿನ ಔಷಧಿ ಸಿಂಪಡಣೆ ಮುಗಿಸಿ ಜೂನ್ ಆರಂಭದಲ್ಲಿ ಬಂದರೆ ಅವರು ದಿನವೂ ದಡದ ಹಾದಿಯಲ್ಲಿ ನಡೆಯಬಹುದು, ಬೆಂಚಿನ ಮೇಲೆ ಕುಳಿತು ದೋಣಿಗಳನ್ನು ನೋಡಬಹುದು. ಆಗಸ್ಟಿನಲ್ಲಿ ಯುದ್ಧವಿಮಾನಗಳ ಪ್ರದರ್ಶನ ನಡೆಯುವಾಗ ಮನೆಯ ಗಾಜುಗಳೇ ಅದುರುತ್ತವೆ, ಮೊದಲೇ ಹೇಳಿಟ್ಟಿರಬೇಕು. ಸಂದರ್ಶಕರ ವೈದ್ಯಕೀಯ ವಿಮೆಯನ್ನು ಅವರು ಮಡಿಕೇರಿ ಬಿಡುವ ಮೊದಲೇ ಮಾಡಿಸಿ, ದಿನವೂ ನುಂಗುವ ಮಾತ್ರೆಗಳನ್ನು ಪೂರ್ತಿ ಅವಧಿಗಾಗುವಷ್ಟು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ತರಿಸಬೇಕು. ಹಿಂದಿರುಗುವ ಟಿಕೆಟನ್ನು ಅಕ್ಟೋಬರ್ ಮೊದಲ ವಾರಕ್ಕೆ ತೆಗೆದರೆ ತುಲಾ ಸಂಕ್ರಮಣಕ್ಕೆ ಅವರು ತಲಕಾವೇರಿಯಲ್ಲಿರಲು ಸಮಯ ಸಿಗುತ್ತದೆ. ಆ ದಿನವನ್ನು ತಪ್ಪಿಸಿ ಟಿಕೆಟ್ ತೆಗೆದರೆ ಅವರು ಬರಲು ಒಪ್ಪುವುದೇ ಅನುಮಾನ.