ಪ್ರದರ್ಶನಕ್ಕೆ ಯುದ್ಧದ ಕಂದಕ ಮಾಡ್ತೀರಾ? ಗದ್ದೆ ಮಣ್ಣು, ಅಡಿಕೆ ದಬ್ಬೆ, ಒಂದು ಚೊಂಬು ನೀರು ಸಾಕು

ಹೋದ ವರ್ಷ ಮಗಳ ಹೈಸ್ಕೂಲ್ ಪ್ರದರ್ಶನಕ್ಕೆ ಮೊದಲನೇ ಮಹಾಯುದ್ಧದಲ್ಲಿ ಸೈನಿಕರು ಒಳಗೆ ನಿಂತು ಕಾದಾಡುತ್ತಿದ್ದ ಕಂದಕದ ಮಾದರಿ ಮಾಡಿದ್ದೆವು. ಥರ್ಮಾಕೋಲ್ ಕೊರೆದು, ಕಂದು ಬಣ್ಣ ಬಳಿದು, ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾದ ಕಾಲುವೆ. ನೋಡೋಕೆ ಚೆನ್ನಾಗೇ ಇತ್ತು. ನಮ್ಮ ಪಕ್ಕದ ತೋಟದ ಅಜ್ಜ ಬಂದು ಬಗ್ಗಿ ನೋಡಿ, "ಅಲ್ಲ ಪುಟ್ಟಿ, ಇದರ ನೀರು ಎಲ್ಲಿಗೆ ಬಸಿಯುತ್ತೆ?" ಅಂದರು. ತೀರ್ಥಹಳ್ಳಿ ಮಳೆಯಲ್ಲಿ ಬಸಿಗಾಲುವೆ ಬಿಡಿಸಿಕೊಂಡೇ ಬದುಕುವ ನಮಗೆ ಇದು ಹೊಳೆದಿರಲಿಲ್ಲ ನೋಡಿ. ಈ ಸಲ ಸರಿಯಾಗಿ ಮಾಡಿದೆವು. ಹೇಗೆ ಅಂತ ಹೇಳುತ್ತೇನೆ.

ಅಳತೆ ಸುಲಭ: ಒಂದು ಅಡಿಗೆ ಒಂದು ಇಂಚು. ನಿಜವಾದ ಕಂದಕ ಸುಮಾರು 7 ಅಡಿ ಆಳ, ನಿಮ್ಮದು 7 ಇಂಚು. ಸೈನಿಕನ ಬೊಂಬೆ ಐದೂವರೆ ಇಂಚು. ತಳದಲ್ಲಿ ನಿಂತಾಗ ಅವನ ತಲೆ ಹೊರಗೆ ಕಾಣಬಾರದು, ಕಂಡರೆ ಅವನ ಕಥೆ ಮುಗಿಯಿತು. ಶತ್ರುವಿನ ಕಡೆಯ ಗೋಡೆಗೆ ಒತ್ತಿ 2 ಇಂಚಿನ ಮೆಟ್ಟಿಲು ಮಾಡಿ. ಗುಂಡು ಹಾರಿಸುವಾಗ ಅದರ ಮೇಲೆ ಹತ್ತಬೇಕು, ಆಗ ಕಣ್ಣು ಮಾತ್ರ ಮೇಲೆ ಬರುತ್ತದೆ. ನಸುಕಿಗೆ ಮತ್ತು ಮುಸ್ಸಂಜೆಗೆ ಎಲ್ಲರೂ ಕೋವಿ ಹಿಡಿದು ಈ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು, ದಾಳಿ ಆಗುವುದು ಆ ಹೊತ್ತಿಗೇ ಜಾಸ್ತಿ ಅಂತ.

ಕಂದಕವನ್ನು ನೇರ ತೋಡಬೇಡಿ. ಕೋಟೆ ಗೋಡೆಯ ತೆನೆಗಳ ಹಾಗೆ ಒಳಕ್ಕೆ ಹೊರಕ್ಕೆ ತಿರುಗುತ್ತಾ ಹೋಗಬೇಕು. ನೇರ ಇದ್ದರೆ ಒಂದು ತುದಿಗೆ ನುಗ್ಗಿದವನು ಮೆಷಿನ್ ಗನ್ ಇಟ್ಟು ಇನ್ನೊಂದು ತುದಿಯವರೆಗೂ ಹೊಡೆದು ಹಾಕುತ್ತಾನೆ. ತಿರುವು ಇದ್ದರೆ, ಒಳಗೆ ಬಿದ್ದ ಶೆಲ್ಲಿನ (ಫಿರಂಗಿಯ ಸಿಡಿಗುಂಡಿನ) ಚೂರುಗಳೂ ಅಲ್ಲಲ್ಲೇ ನಿಲ್ಲುತ್ತವೆ.

ಮಾದರಿಯ ಪೆಟ್ಟಿಗೆಗೆ ತುಂಬಲು ಗದ್ದೆ ಮಣ್ಣೇ ಆಗಬೇಕು. ಇಂಥ ಕಂದಕಗಳಿದ್ದ ಬೆಲ್ಜಿಯಂನ ಫ್ಲಾಂಡರ್ಸ್ ಕಡೆ ಅಂಟು ಮಣ್ಣು, ಸ್ವಲ್ಪ ಅಗೆದರೆ ನೀರು. ಗೋಡೆ ಜರಿಯದಂತೆ ಸೈನಿಕರು ಕಡ್ಡಿಗಳನ್ನು ಹೆಣೆದು ಒರಗಿಸುತ್ತಿದ್ದರು, ನಮ್ಮ ಬಿದಿರ ತಟ್ಟಿಯ ಹಾಗೇ. ನೀವೂ ಹೆಣೆಯಿರಿ. ತಳಕ್ಕೆ ಅಡಿಕೆ ದಬ್ಬೆಯನ್ನು ತೆಳ್ಳಗೆ ಸೀಳಿ, ಏಣಿ ತರಹ ಕಟ್ಟಿ, ತಳದಿಂದ ಸ್ವಲ್ಪ ಎತ್ತರಿಸಿ ಹಾಸಿ, ಅದರ ಕೆಳಗೆ ನೀರು ಹರಿಯಲು ಇಳಿಜಾರಾದ ಕಾಲುವೆ ಕೊಟ್ಟು ಕೊನೆಯಲ್ಲೊಂದು ಗುಂಡಿ ತೋಡಿ. ನನಗೆ ಕೇಳಿದರೆ ಇಡೀ ಮಾದರಿಯಲ್ಲಿ ಮುಖ್ಯ ಇದೇ. ದಿನಗಟ್ಟಲೆ ತಣ್ಣೀರಲ್ಲಿ ನಿಂತು ಸೈನಿಕರ ಕಾಲು ಊದಿ, ಮರಗಟ್ಟಿ, ಕೊಳೆಯುತ್ತಿತ್ತು, ಕೆಲವರಿಗೆ ಪಾದವನ್ನೇ ಕತ್ತರಿಸಬೇಕಾಯಿತು. ದಿನಾ ಕಾಲುಚೀಲ ಬದಲಿಸಬೇಕು, ತಿಮಿಂಗಿಲದ ಎಣ್ಣೆ ತಿಕ್ಕಬೇಕು ಅಂತ ಆಮೇಲೆ ಆರ್ಡರ್ ಬಂತು. ನಾಟಿ ಮಾಡಿ ಬೆರಳ ಸಂದು ಬಿರಿದವರಿಗೆ ಅರ್ಧ ಅರ್ಥವಾಗುತ್ತದೆ, ಅಲ್ಲಿ ಚಳಿ ಬೇರೆ.

ಹಳೇ ಪಂಚೆಯಲ್ಲಿ ಪುಟ್ಟ ಚೀಲ ಹೊಲಿದು ಮಣ್ಣು ತುಂಬಿ ಮುಂದೆ ಒಟ್ಟಿ. ಹಿಂದೆಯೂ ಒಟ್ಟಿ, ಹಿಂದುಗಡೆ ಸಿಡಿದ ಶೆಲ್ಲಿಗೆ ಅಡ್ಡ ಬೇಕಲ್ವಾ. ಮುಂದೆ ಮುಳ್ಳುತಂತಿ, ಬೈಂಡಿಂಗ್ ವೈರಿನದು ಸಾಕು.

ಶತ್ರುವಿನ ಕಂದಕವನ್ನು ಅದೇ ಮೇಜಿನ ಮೇಲೆ ಇಡಬೇಡಿ, ಎಲ್ಲರೂ ಮಾಡುವ ತಪ್ಪು ಇದು. ನಡುವಿನ ಜಾಗ 100 ಗಜ ಅಂದುಕೊಂಡರೂ ನಮ್ಮ ಲೆಕ್ಕಕ್ಕೆ 25 ಅಡಿ ಆಗುತ್ತದೆ. ಕೋಣೆಯ ಆಚೆ ಗೋಡೆಗೆ ಇಡಿ, ಬಂದವರು ನಡೆದೇ ಹೋಗಲಿ. ದಾರಿಯಲ್ಲಿ ಒಂದು ಚೀಟಿ: 1916ರ ಜುಲೈ 1, ಫ್ರಾನ್ಸಿನ ಸೋಮ್, ಇಂಥ ಜಾಗ ದಾಟಲು ಹೋಗಿ ಬ್ರಿಟಿಷ್ ಸೇನೆಯಲ್ಲಿ ಒಂದೇ ದಿನ 19,000ಕ್ಕೂ ಹೆಚ್ಚು ಸಾವು.

ಒಂದು ಬೊಂಬೆಗೆ ಪೇಟ ಕಟ್ಟಿ. 1914ರ ಅಕ್ಟೋಬರಿನಿಂದಲೇ ಭಾರತದ ಸೈನಿಕರು ಆ ಕಂದಕಗಳಲ್ಲಿದ್ದರು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಎಲ್ಲಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅವರು ಇಲ್ಲಿರಲಿಲ್ಲ. ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರು ಗೆದ್ದವರು ಅವರು, ಕುದುರೆ ಮೇಲೆ.

ಪ್ರದರ್ಶನದ ದಿನ ಎಲ್ಲರೆದುರು ಒಂದು ಚೊಂಬು ನೀರು ಸುರಿಯಿರಿ. ದಬ್ಬೆಯ ಕೆಳಗೆ ಹರಿದು ಗುಂಡಿಗೆ ಹೋಗುತ್ತದೆ. ಆಮೇಲೆ ಶೆಲ್ ಬಿತ್ತು ಅಂತ ಹೇಳಿ ಕಾಲುವೆಯನ್ನು ಬೆರಳಿಂದ ಮುಚ್ಚಿ ಮತ್ತೆ ಸುರಿಯಿರಿ. ನೀರು ಏರಿ ದಬ್ಬೆ ತೇಲುತ್ತದೆ, ಬೊಂಬೆ ವಾಲುತ್ತದೆ, ತಟ್ಟಿ ಇಲ್ಲದ ಕಡೆ ಧರೆ ಜರಿದ ಹಾಗೆ ಗೋಡೆ ಕೂತುಬಿಡುತ್ತದೆ. ಕೆಳಗೆ ಪ್ಲಾಸ್ಟಿಕ್ ಹಾಸಿರಿ, ಮಣ್ಣನ್ನು ಶಾಲೆಯಲ್ಲೇ ತುಂಬಿರಿ. ಮನೆಯಲ್ಲಿ ತುಂಬಿದರೆ ಆ ಪೆಟ್ಟಿಗೆ ಎತ್ತೋಕೆ ನಾಲ್ಕು ಜನ ಬೇಕು.